ಸಿಂಗಲ್ ಟರ್ಬೊ ಸುಪ್ರಾ ಮತ್ತೆ ಕಂಪನಿ ಟ್ವಿನ್ ಟರ್ಬೊಗೆ: ಒಂದು ಪ್ರಕರಣ

ಇದು ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿರುವ ಒಬ್ಬ ಕನ್ನಡಿಗರ ಕಾರಿನ ವಿಷಯ. ಅವರ ಹೆಸರು, ಊರು, ಕಾರಿನ ಬಣ್ಣ ಯಾವುದನ್ನೂ ಹೇಳುವುದಿಲ್ಲ. ಈ ಕಾರುಗಳು ಉಳಿದಿರುವುದೇ ಕಡಿಮೆ, ಬಣ್ಣ ಗೊತ್ತಾದರೆ ಯಾರದ್ದು ಅಂತ ಹಿಡಿದುಬಿಡುವ ಜನ ಇದ್ದಾರೆ. ಕೆಲಸ ಮಾಡಿದ ಗ್ಯಾರೇಜುಗಳ ಹೆಸರೂ ಬೇಡ. ಸುಮ್ನೆ 'ಮಾಲೀಕರು' ಅಂತ ಕರೆಯುತ್ತೇನೆ. ನಾನು ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತವನು, ಫೋಟೊ ತೆಗೆದವನು, ಹೋಸ್‌ಗಳಿಗೆ ಚೀಟಿ ಅಂಟಿಸಿದವನು. ಅವರು ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ.

ಹಿನ್ನೆಲೆ

ಕಾರು 1994ರ ಟೊಯೋಟಾ ಸುಪ್ರಾ ಟರ್ಬೊ, ಅಮೆರಿಕಕ್ಕೆಂದೇ ಬಂದ ಮಾಡೆಲ್. ಒಳಗಿರುವುದು 2ಜೆಝಡ್-ಜಿಟಿಇ ಎಂಜಿನ್. 2997 ಸಿಸಿ, ಒಂದೇ ಸಾಲಿನಲ್ಲಿ ಆರು ಸಿಲಿಂಡರ್, ಎರಡು ಟರ್ಬೊ (ಎಂಜಿನ್‌ನ ಹೊಗೆಯ ರಭಸಕ್ಕೆ ತಿರುಗಿ, ಎಂಜಿನ್‌ಗೆ ಹೆಚ್ಚು ಗಾಳಿ ಊದುವ ಯಂತ್ರ). ಜಪಾನಿನಲ್ಲಿ ಕಂಪನಿಗಳು ತಮ್ಮತಮ್ಮಲ್ಲೇ ಒಪ್ಪಂದ ಮಾಡಿಕೊಂಡಿದ್ದರಿಂದ ಅಲ್ಲಿ ಇದನ್ನು 280 ಪಿಎಸ್ ಅಂತ ಮಾರಿದರು. ಅಮೆರಿಕದಲ್ಲಿ 320 ಎಚ್‌ಪಿ ಅಂತ ಬರೆದುಕೊಂಡೇ ಮಾರಿದರು. ಈ ಎಂಜಿನ್‌ನ ಬ್ಲಾಕ್ ಎಷ್ಟು ಗಟ್ಟಿ ಅಂದರೆ, ಒಳಗೆ ಏನನ್ನೂ ಬದಲಿಸದೆ ಇದರ ದುಪ್ಪಟ್ಟು ಶಕ್ತಿ ತೆಗೆದವರು ತುಂಬಾ ಜನ. ಆ ಗಟ್ಟಿತನವೇ ಇಂಥ ಕಾರುಗಳಿಗೆ ಮುಳುವಾಯಿತು ಅಂತ ನನಗನ್ನಿಸುತ್ತದೆ. ಸಿಕ್ಕಿದವರೆಲ್ಲ ಬಿಚ್ಚಿದರು.

ಈ ಕಾರನ್ನೂ ಹಾಗೇ ಬಿಚ್ಚಿದ್ದರು. ಹಿಂದಿನ ಮಾಲೀಕ ಯಾರೋ, ಸುಮಾರು 2000ದ ದಶಕದ ಮೊದಲ ಭಾಗದಲ್ಲಿ, ಕಂಪನಿಯ ಎರಡು ಟರ್ಬೊ ಕಿತ್ತು ಒಂದೇ ದೊಡ್ಡ ಟರ್ಬೊ ಕೂರಿಸಿದ್ದ. ಅದರ ಜೊತೆಗೆ ಹೊಸ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್), ಪೆಟ್ರೋಲ್ ಚಿಮ್ಮಿಸುವ ದೊಡ್ಡ ಇಂಜೆಕ್ಟರ್, ಬಂಪರ್ ಹಿಂದೆ ಟರ್ಬೊದ ಗಾಳಿ ತಂಪು ಮಾಡುವ ಅಗಲವಾದ ಇಂಟರ್‌ಕೂಲರ್. ಆ ಇಂಟರ್‌ಕೂಲರ್ ಹಿಡಿಸಲು ಬಂಪರ್ ಒಳಗಿನ ಲೋಹದ ಪಟ್ಟಿಯನ್ನೂ ಕತ್ತರಿಸಿದ್ದ. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಎರಡೂ ಮಾಯ, ಸ್ವಲ್ಪ ಹೊಗೆಯನ್ನು ವಾಪಸ್ ಎಂಜಿನ್‌ಗೆ ಕಳಿಸುವ ಇಜಿಆರ್ ಮಾಯ, ಗಾಳಿ ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸರ್ ಕೂಡ ಮಾಯ. ಕಿತ್ತ ಸಾಮಾನು ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ. ಆ ಕಾಲದಲ್ಲಿ ಕಂಪನಿ ಟರ್ಬೊಗಳಿಗೆ ಬೆಲೆಯೇ ಇರಲಿಲ್ಲ, ಗ್ಯಾರೇಜಿನ ಮೂಲೆಯಲ್ಲಿ ತುಕ್ಕು ಹಿಡಿಯುತ್ತಿದ್ದವು.

ನಮ್ಮ ಮಾಲೀಕರು ಕಾರು ಕೊಂಡದ್ದು ಟೆಕ್ಸಾಸ್‌ನಲ್ಲಿ, ಅಲ್ಲಿಯೇ ಕೆಲವು ವರ್ಷ ಓಡಿಸಿದರು. ಅಲ್ಲಿ 24 ವರ್ಷಕ್ಕಿಂತ ಹಳೆಯ ಗಾಡಿಗೆ ಎಮಿಷನ್ ಟೆಸ್ಟ್ ಕೇಳುವುದಿಲ್ಲ. ಆಮೇಲೆ ಕೆಲಸ ಬದಲಾಯಿತು, ಸಂಸಾರ ಕ್ಯಾಲಿಫೋರ್ನಿಯಾಕ್ಕೆ ಬಂತು, ಕಾರು ಟ್ರಕ್ ಮೇಲೆ ಹಿಂದೆಯೇ ಬಂತು. ತೊಂದರೆ ಶುರುವಾದದ್ದು ಅಲ್ಲಿಂದ.

ತೊಡಕು

ಕ್ಯಾಲಿಫೋರ್ನಿಯಾದಲ್ಲಿ 1976 ಮತ್ತು ಅದರ ನಂತರದ ಪೆಟ್ರೋಲ್ ಕಾರುಗಳಿಗೆ, ತೀರಾ ಹೊಸವನ್ನು ಬಿಟ್ಟರೆ, ಸ್ಮಾಗ್ ಟೆಸ್ಟ್ (ಹೊಗೆ ಪರೀಕ್ಷೆ) ಬೇಕೇ ಬೇಕು. ಕಾರಿಗೆ ಎಷ್ಟು ವಯಸ್ಸಾದರೂ ಬಿಡುವುದಿಲ್ಲ, 1975ರ ಗೆರೆ ಅಲ್ಲೇ ನಿಂತುಬಿಟ್ಟಿದೆ. ಹೊರ ರಾಜ್ಯದಿಂದ ಬಂದ ಹಳೇ ಕಾರನ್ನು ಮೊದಲ ಸಲ ನೋಂದಾಯಿಸುವಾಗಲೂ ಅದೇ ಸರ್ಟಿಫಿಕೇಟ್ ಕೇಳುತ್ತಾರೆ.

ನಮ್ಮೂರಿನ ಪೆಟ್ರೋಲ್ ಬಂಕ್ ಪಕ್ಕದಲ್ಲಿ ವ್ಯಾನ್ ನಿಲ್ಲಿಸಿಕೊಂಡು ಸೈಲೆನ್ಸರ್‌ಗೆ ಪೈಪ್ ತೂರಿಸಿ ಚೀಟಿ ಕೊಡುವ ಎಮಿಷನ್ ಟೆಸ್ಟ್ ನೆನಪಾದರೆ ಅದನ್ನು ಮರೆತುಬಿಡಿ. ಇಲ್ಲಿ ಬಾನೆಟ್ ತೆಗೆದು ನೋಡುತ್ತಾರೆ. ಕಂಪನಿ ಇಟ್ಟ ಹೊಗೆ ತಡೆಯುವ ಸಾಮಾನು ಒಂದೊಂದೂ ಜಾಗದಲ್ಲಿದೆಯಾ, ಹೋಸ್ ಸರಿಯಾಗಿ ಹೋಗಿದೆಯಾ, ಹೊರಗಿನಿಂದ ತಂದ ಭಾಗಕ್ಕೆ ರಾಜ್ಯದ ವಾಯು ಮಂಡಳಿ ಕೊಟ್ಟ ಅನುಮತಿ ನಂಬರ್ ಇದೆಯಾ ಅಂತ. ಆಮೇಲೆ ಹಳೇ ಕಾರುಗಳಾದರೆ ರೋಲರ್ ಮೇಲೆ ಓಡಿಸಿ, ಗಂಟೆಗೆ 15 ಮೈಲಿ ಒಮ್ಮೆ, 25 ಮೈಲಿ ಒಮ್ಮೆ, ಹೊಗೆ ಅಳೆಯುತ್ತಾರೆ. 1995ರವರೆಗಿನ ಕಾರುಗಳಿಗೆ ಪೆಟ್ರೋಲ್ ಆವಿ ಸೋರುತ್ತದಾ ಅಂತ ಇನ್ನೊಂದು ಪರೀಕ್ಷೆ ಬೇರೆ. ಹೊಗೆ ಸ್ವಚ್ಛವಾಗಿದ್ದರೂ ಬಾನೆಟ್ ಒಳಗೆ ಸಾಮಾನು ಇಲ್ಲದಿದ್ದರೆ ಫೇಲ್. ಈ ಕಾರು ಬಾನೆಟ್ ಎತ್ತಿದ ಒಂದೇ ನಿಮಿಷದಲ್ಲಿ ಫೇಲ್.

ದಾರಿಗಳು ಏನಿದ್ದವು? ಟೆಕ್ಸಾಸ್‌ಗೆ ವಾಪಸ್ ಕಳಿಸಿ ಮಾರುವುದು. ಯಾರದೋ ಗೆಳೆಯರ ಗೆಳೆಯ ದುಡ್ಡು ತೆಗೆದುಕೊಂಡು ಪಾಸ್ ಮಾಡಿಸುತ್ತಾನೆ ಅಂತ ಒಬ್ಬರು ಹೇಳಿದರು. ಅದು ಅಪರಾಧ, ಮೇಲಾಗಿ ಮಾಲೀಕರು ವೀಸಾ ಮೇಲೆ ಇರುವವರು, ಆ ಮಾತು ಅಲ್ಲಿಗೇ ನಿಂತಿತು. ಮತ್ತೊಬ್ಬರು ನೆವಾಡಾ ವಿಳಾಸದಲ್ಲಿ ನೋಂದಾಯಿಸು ಅಂದರು. ಅದೂ ಬೇಡ. ಉಳಿದದ್ದು ಒಂದೇ, ಕಂಪನಿ ಹೇಗೆ ಕಳಿಸಿತ್ತೋ ಹಾಗೆ ಮಾಡುವುದು. (ನಮ್ಮಲ್ಲೂ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ, ಆಲ್ಟ್ರೇಷನ್ ಗಾಡಿಯವರಿಗೆ ಅದರ ಕಾಟ ಗೊತ್ತು. ಆದರೆ ಇಷ್ಟು ಹೋಸ್ ಎಣಿಸಿ ನೋಡುವವರನ್ನು ನಾನು ಊರಲ್ಲಿ ಕಂಡಿಲ್ಲ.)

ದುಡ್ಡಿನ ಲೆಕ್ಕವೂ ಇದೇ ದಿಕ್ಕಿಗೆ ತಳ್ಳಿತು. 2019ರಲ್ಲಿ ಅಮೀಲಿಯಾ ಐಲ್ಯಾಂಡ್‌ನ ಆರ್‌ಎಂ ಸೋದೆಬೀಸ್ ಹರಾಜಿನಲ್ಲಿ 1994ರ ಒಂದು ಸುಪ್ರಾ 1,73,600 ಡಾಲರ್‌ಗೆ ಹೋಯಿತು. ಅದು ಕಡಿಮೆ ಓಡಿದ, ಏನೂ ಮುಟ್ಟದ ಕಾರು. ನಮ್ಮದು ಆ ಮಟ್ಟಕ್ಕೆ ಎಂದೂ ಏರುವುದಿಲ್ಲ, ಅದು ಮಾಲೀಕರಿಗೂ ಗೊತ್ತಿತ್ತು. ಆದರೂ ಹಿಂದೆ ಬೇಡವಾಗಿದ್ದ 'ಕಂಪನಿ ಫಿಟಿಂಗ್' ಈಗ ಬೆಲೆ ಬಾಳುತ್ತದೆ ಅನ್ನುವುದಂತೂ ನಿಜ.

ಎರಡು ಟರ್ಬೊ ಅಂದರೆ ಸುಮ್ನೆ ಎರಡಲ್ಲ

ಮುಂದಿನದು ಅರ್ಥವಾಗಬೇಕಾದರೆ ಇದು ಗೊತ್ತಿರಬೇಕು. ಸುಪ್ರಾದ ಎರಡು ಟರ್ಬೊ ಒಟ್ಟಿಗೆ ಕೆಲಸ ಶುರುಮಾಡುವುದಿಲ್ಲ. ಒಂದಾದ ಮೇಲೆ ಒಂದು. ಕಡಿಮೆ ಆರ್‌ಪಿಎಂನಲ್ಲಿ ಎಂಜಿನ್‌ನ ಹೊಗೆ ಅಷ್ಟೂ ಮೊದಲ ಟರ್ಬೊಗೇ ಹೋಗುತ್ತದೆ. ಚಿಕ್ಕ ಟರ್ಬೊ, ಹೊಗೆ ಪೂರ್ತಿ ಅದಕ್ಕೇ ಸಿಗುವುದರಿಂದ ಬೇಗ ತಿರುಗುತ್ತದೆ, ಪಿಕಪ್ ಬೇಗ ಬರುತ್ತದೆ. ಸುಮಾರು 3500 ಆರ್‌ಪಿಎಂಗೆ ಬಂದಾಗ ಒಂದು ಬೈಪಾಸ್ ವಾಲ್ವ್ ಸ್ವಲ್ಪ ತೆರೆದು, ಎರಡನೆಯ ಟರ್ಬೊವನ್ನು ಮೆಲ್ಲಗೆ ತಿರುಗಿಸಿ ತಯಾರು ಮಾಡುತ್ತದೆ. 4000ದ ಹತ್ತಿರ ಎರಡು ದೊಡ್ಡ ಬಾಗಿಲು ತೆರೆಯುತ್ತವೆ. ಒಂದು ಎರಡನೆಯ ಟರ್ಬೊದಿಂದ ಹೊಗೆ ಹೊರಹೋಗುವ ಕಡೆ, ಇನ್ನೊಂದು ಅದರ ಗಾಳಿ ಎಂಜಿನ್ ಕಡೆ ಹೋಗುವ ಕಡೆ. ಇವನ್ನು ಮುಂದೆ 'ಹೊಗೆ ಬಾಗಿಲು', 'ಗಾಳಿ ಬಾಗಿಲು' ಅಂತಲೇ ಬರೆಯುತ್ತೇನೆ. ಅವು ತೆರೆದ ಮೇಲೆ ಎರಡೂ ಟರ್ಬೊ ಸೇರಿ ಊದುತ್ತವೆ.

ಈ ಬಾಗಿಲುಗಳನ್ನು ತೆರೆಯುವುದು ಮೋಟಾರ್ ಅಲ್ಲ, ಗಾಳಿಯ ಒತ್ತಡ. ಬೂಸ್ಟ್, ಅಂದರೆ ಟರ್ಬೊ ಊದಿದ ಗಾಳಿಯ ಒತ್ತಡ, ಬಂದಾಗ ಅದರಲ್ಲಿ ಸ್ವಲ್ಪ ಒಂದು ಪುಟ್ಟ ಟ್ಯಾಂಕಿನಲ್ಲಿ ಸಂಗ್ರಹವಾಗುತ್ತದೆ. ಟ್ಯಾಂಕಿನಿಂದ ಗಾಳಿ ವಾಪಸ್ ಹೋಗದಂತೆ ಒಂದು ಚೆಕ್ ವಾಲ್ವ್ ಇರುತ್ತದೆ. ಇಸಿಯು ವಿದ್ಯುತ್ ಕೊಟ್ಟಾಗ ವಿಎಸ್‌ವಿ ಅನ್ನುವ ಸಣ್ಣ ಸೊಲೆನಾಯ್ಡ್‌ಗಳು ಆ ಗಾಳಿಯನ್ನು ಬಾಗಿಲಿನ ಡಯಾಫ್ರಮ್‌ಗೆ (ಒತ್ತಡಕ್ಕೆ ಉಬ್ಬಿ ಕಡ್ಡಿ ತಳ್ಳುವ ಪೊರೆ) ಬಿಡುತ್ತವೆ. ಟರ್ಬೊ ಕೆಲಸಕ್ಕೆ ಅಂತಲೇ ಇಂಥ ನಾಲ್ಕು ವಿಎಸ್‌ವಿ ಇವೆ: ಎರಡು ಬಾಗಿಲಿಗೆ ಒಂದೊಂದು, ಬೈಪಾಸ್‌ಗೆ ಒಂದು, ಹೆಚ್ಚಾದ ಹೊಗೆಯನ್ನು ಟರ್ಬೊಗೆ ಬಿಡದೆ ಹೊರಗೆ ಕಳಿಸುವ ವೇಸ್ಟ್‌ಗೇಟ್‌ಗೆ ಒಂದು. ಇವಿಷ್ಟನ್ನೂ ಜೋಡಿಸುವ ರಬ್ಬರ್ ಹೋಸ್‌ಗಳು ಇನ್‌ಟೇಕ್ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆಗಳು) ಕೆಳಗೆ, ಕೈ ತೂರದ ಜಾಗದಲ್ಲಿ.

ಅಂದರೆ ಇಲ್ಲಿ ಟರ್ಬೊ ಕೂರಿಸುವುದು ಕೆಲಸದ ಅರ್ಧ ಮಾತ್ರ. ಇನ್ನರ್ಧ ಈ ಗಾಳಿ, ಹೋಸ್, ವೈರಿನ ಸಂಸಾರ. ಈ ಪ್ರಕರಣದಲ್ಲಿ ಟರ್ಬೊ ಒಂದು ದಿನವೂ ಕೈಕೊಡಲಿಲ್ಲ. ಕೈಕೊಟ್ಟದ್ದೆಲ್ಲ ಈ ಇನ್ನರ್ಧ.

ಮೊದಲ ನಿರ್ಧಾರ: ಯಾವ ಸಾಮಾನು

ಜಪಾನಿನಿಂದ ಬರುವ ಹಳೇ ಎಂಜಿನ್‌ಗಳ ಟರ್ಬೊ ಸೆಟ್ ಅಗ್ಗಕ್ಕೆ, ಸುಲಭವಾಗಿ ಸಿಗುತ್ತಿತ್ತು. ಮಾಲೀಕರು ಹೆಚ್ಚುಕಡಿಮೆ ಅದಕ್ಕೇ ಮುಂಗಡ ಕೊಡಲು ಹೊರಟಿದ್ದರು. ತಡೆದದ್ದು ಒಬ್ಬ ನಿವೃತ್ತ ಮೆಕ್ಯಾನಿಕ್. ಟೊಯೋಟಾ ಡೀಲರ್‌ಶಿಪ್ಪಿನಲ್ಲಿ 90ರ ದಶಕದಲ್ಲಿ ಈ ಕಾರುಗಳು ಹೊಸದಿದ್ದಾಗಲೇ ಕೈಯಾಡಿಸಿದವರು. ಅವರು ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ಕಾರು ಓಡಬೇಕಾ, ಟೆಸ್ಟ್ ಪಾಸಾಗಬೇಕಾ?

ವ್ಯತ್ಯಾಸ ಏನೆಂದರೆ, ಜಪಾನ್ ಮಾಡೆಲ್‌ನ ಟರ್ಬೊ ಸಿಟಿ20, ಅದರ ಟರ್ಬೈನ್ ಚಕ್ರ ಸೆರಾಮಿಕ್. ಹಗುರ, ಬೇಗ ತಿರುಗುತ್ತದೆ, ಆದರೆ ಬೂಸ್ಟ್ ಜಾಸ್ತಿ ಮಾಡಿದರೆ ಒಡೆದು ಚೂರಾಗುವುದು ಎಲ್ಲರಿಗೂ ಗೊತ್ತಿರುವ ಕಾಯಿಲೆ. ಅಮೆರಿಕ ಮಾಡೆಲ್‌ನದು ಸಿಟಿ12ಬಿ, ಚಕ್ರ ಉಕ್ಕಿನದು. ಅಷ್ಟೇ ಆಗಿದ್ದರೆ ಹೇಗೋ ನಡೆಯುತ್ತಿತ್ತು. ಆದರೆ ಜಪಾನ್ ಎಂಜಿನ್‌ಗೆ ಇಜಿಆರ್ ಇಲ್ಲ, ಮಾಸ್ ಏರ್‌ಫ್ಲೋ ಸೆನ್ಸರ್ ಇಲ್ಲ, ಅದು ಮ್ಯಾನಿಫೋಲ್ಡ್ ಒತ್ತಡ ನೋಡಿ ಲೆಕ್ಕ ಹಾಕುತ್ತದೆ. ಇಂಜೆಕ್ಟರ್ ಕೂಡ 440 ಸಿಸಿ, ಅಮೆರಿಕದ್ದು 550 ಸಿಸಿ. ಆ ಸೆಟ್ ತಂದರೆ ಸ್ಮಾಗ್ ಅಂಗಡಿಯವನು ಹುಡುಕುವ ಅರ್ಧ ಸಾಮಾನು ಅದರಲ್ಲಿ ಇರುವುದೇ ಇಲ್ಲ. ಮತ್ತೆ ಬಿಡಿಬಿಡಿಯಾಗಿ ಹುಡುಕಬೇಕು.

ಹಾಗಾಗಿ ಅಮೆರಿಕ ಮಾಡೆಲ್‌ನದೇ ಸೆಟ್, ಅದೂ ಒಂದೇ ಕಾರಿನದು ಸಿಗುವವರೆಗೆ ಕಾಯುವುದು ಅಂತ ತೀರ್ಮಾನವಾಯಿತು. ಕಾಯುವುದು ಸುಲಭವಿರಲಿಲ್ಲ. ನೋಂದಣಿ ಫೀ ಕಟ್ಟಿ ಆಗಿತ್ತು, ಕಾರು ಗ್ಯಾರೇಜಿನಲ್ಲಿ ಕವರ್ ಹೊದ್ದು ಕೂತಿತ್ತು, ಮನೆಯವರು ಪ್ರತಿ ವಾರ ಕೇಳುತ್ತಿದ್ದರು. ಕೊನೆಗೆ ಸಿಕ್ಕಿದ್ದು ತಮಾಷೆಯ ರೀತಿಯಲ್ಲಿ. ಅರಿಜೋನಾದಲ್ಲಿ ಒಬ್ಬರು ತಮ್ಮ ಮುಟ್ಟದ ಸುಪ್ರಾವನ್ನು ಸಿಂಗಲ್ ಟರ್ಬೊ ಮಾಡಿಸುತ್ತಿದ್ದರು! ನಮ್ಮವರು ಕಳೆಯಬೇಕೆಂದಿದ್ದು ಅವರಿಗೆ ಬೇಕು, ಅವರು ಕಳೆಯುವುದು ನಮ್ಮವರಿಗೆ ಬೇಕು. ಸಿಂಗಲ್ ಕಿಟ್ಟಿನ ಕೆಲವು ಭಾಗ ಕೊಟ್ಟು, ಮೇಲೆ ದುಡ್ಡು ಹಾಕಿ, ಟರ್ಬೊ, ಮ್ಯಾನಿಫೋಲ್ಡ್, ಇಜಿಆರ್, ಇಸಿಯು, ಇಂಜೆಕ್ಟರ್, ಸೈಡಿನ ಪುಟ್ಟ ಇಂಟರ್‌ಕೂಲರ್, ಪ್ರೆಷರ್ ಟ್ಯಾಂಕ್, ಅಷ್ಟೂ ವಿಎಸ್‌ವಿ ಎಲ್ಲ ತಂದರು. ಮುಖ್ಯವಾಗಿ ಎಂಜಿನ್ ವೈರಿಂಗ್ ಹಾರ್ನೆಸ್, ಅಂದರೆ ವೈರುಗಳ ಇಡೀ ಕಟ್ಟು ಕೂಡ.

ಹಾರ್ನೆಸ್ ಯಾಕೆ ಮುಖ್ಯ? ನಮ್ಮ ಕಾರಿನಲ್ಲಿ ಸಿಂಗಲ್ ಮಾಡಿದವನು ಬೇಡವಾದ ಕನೆಕ್ಟರ್‌ಗಳನ್ನು ಬಿಚ್ಚಿ ಕಟ್ಟಿ ಇಟ್ಟಿರಲಿಲ್ಲ, ಕತ್ತರಿಸಿ ಎಸೆದಿದ್ದ. ನಾಲ್ಕೂ ವಿಎಸ್‌ವಿ ವೈರು, ಇಜಿಆರ್ ವೈರು, ಏರ್‌ಫ್ಲೋ ಸೆನ್ಸರ್ ವೈರು ಎಲ್ಲ ಮೊಂಡು. ಬೆಸುಗೆ ಹಾಕಿ ಸೇರಿಸಬಹುದಿತ್ತು, ಮೊದಲ ಗ್ಯಾರೇಜಿನವರ ಸಲಹೆಯೂ ಅದೇ. ಆದರೆ ಮೂವತ್ತು ವರ್ಷ ಟರ್ಬೊ ಬಿಸಿಯಲ್ಲಿ ಬೆಂದ ವೈರಿನ ಹೊದಿಕೆ ಬಗ್ಗಿಸಿದರೆ ಚಟ್ ಅಂತ ಒಡೆಯುತ್ತದೆ. ಅಂಥದ್ದಕ್ಕೆ ಡಜನ್‌ಗಟ್ಟಲೆ ಬೆಸುಗೆ ಹಾಕಿ ಮ್ಯಾನಿಫೋಲ್ಡ್ ಕೆಳಗೆ ಮುಚ್ಚಿಟ್ಟರೆ ನಾಳೆ ಯಾವುದು ಬಿಟ್ಟಿತು ಅಂತ ಹುಡುಕುವವರು ಯಾರು? ಕತ್ತರಿಸದ ಹಾರ್ನೆಸ್‌ಗೆ ಕೊಟ್ಟ ದುಡ್ಡು ಇಡೀ ಕೆಲಸದಲ್ಲಿ ಅತಿ ಚೆನ್ನಾಗಿ ಖರ್ಚಾದ ದುಡ್ಡು ಅಂತ ನನ್ನ ಅಭಿಪ್ರಾಯ.

ಟರ್ಬೊಗಳನ್ನು ಟರ್ಬೊ ರಿಪೇರಿಯವರ ಹತ್ತಿರ ಬಿಚ್ಚಿಸಿ ನೋಡಿಸಿದರು. ಒಂದರಲ್ಲಿ ಸೀಲ್ ಸವೆದು ಎಣ್ಣೆ ಸೋರುತ್ತಿತ್ತು, ಎರಡಕ್ಕೂ ಸೀಲು, ಬೇರಿಂಗ್ ಹಾಕಿಸಿದರು. ಇದರ ಬಗ್ಗೆ ಹೆಚ್ಚು ಹೇಳುವುದಕ್ಕೆ ಏನಿಲ್ಲ.

ಜೋಡಣೆ, ಮತ್ತು 4000ದಲ್ಲಿ ಕುಸಿತ

ಜೋಡಣೆಯನ್ನು ಮೊದಲ ಗ್ಯಾರೇಜ್ ಮಾಡಿತು. ಒಳ್ಳೆಯ ಕೈಕೆಲಸ, ಬೋಲ್ಟ್ ಬಿಗಿಯುವುದು, ಎಣ್ಣೆ ಮತ್ತು ನೀರಿನ ಲೈನು ಎಲ್ಲ ನೀಟು. ತುಕ್ಕು ಹಿಡಿದ ಮ್ಯಾನಿಫೋಲ್ಡ್ ಸ್ಟಡ್‌ಗಳನ್ನು ಮುರಿಯದೆ ತೆಗೆದರು, ಅದು ಸಣ್ಣ ಮಾತಲ್ಲ. ಆದರೆ ಅವರ ಅನುಭವವೆಲ್ಲ ಸಿಂಗಲ್ ಟರ್ಬೊ ಕಡೆ. ಈ ಹೋಸ್ ಸಂಸಾರವನ್ನು ಅವರು ಇಷ್ಟು ವರ್ಷ ಕಿತ್ತು ಎಸೆದಿದ್ದರೇ ಹೊರತು ಕೂರಿಸಿರಲಿಲ್ಲ. ಹೋಸ್ ನಕ್ಷೆಯ ಸ್ಟಿಕ್ಕರ್ ಇದ್ದ ಕಂಪನಿ ಬಾನೆಟ್ ಕೂಡ ಕಾರಿನಲ್ಲಿರಲಿಲ್ಲ, ಹಿಂದಿನ ಮಾಲೀಕ ಕಾರ್ಬನ್ ಫೈಬರ್ ಬಾನೆಟ್ ಹಾಕಿದ್ದ. ಫೋಟೊ ನೋಡಿ, ಅಂದಾಜಿನ ಮೇಲೆ ಜೋಡಿಸಿದರು.

ಕಾರು ಸ್ಟಾರ್ಟ್ ಆಯಿತು. ಐಡಲ್ ಚೆನ್ನಾಗಿತ್ತು. ಕೆಳಗಿನ ಪಿಕಪ್ ನೋಡಿ ಮಾಲೀಕರಿಗೆ ಖುಷಿಯೋ ಖುಷಿ, ಯಾಕೆಂದರೆ ಆ ದೊಡ್ಡ ಸಿಂಗಲ್ ಟರ್ಬೊ 4500 ದಾಟುವವರೆಗೆ ನಿದ್ದೆ ಮಾಡುತ್ತಿತ್ತು. ಈಗ 2000ಕ್ಕೇ ಬೆನ್ನು ಸೀಟಿಗೆ ಒತ್ತುತ್ತಿತ್ತು. ಆದರೆ 4000 ಬರುತ್ತಿದ್ದ ಹಾಗೆ ಬೂಸ್ಟ್ ಮುಳ್ಳು ಇಳಿಯಲು ಶುರು. ಮೇಲೆ ಹೋದಷ್ಟೂ ಇಳಿತ. ಗೇರ್ ಬದಲಿಸಿದರೆ ಮತ್ತೆ ಅದೇ ಕಥೆ.

ಕಾರಿನ ಲಕ್ಷಣ ಸ್ಪಷ್ಟವಾಗಿತ್ತು: ಎರಡನೆಯ ಟರ್ಬೊ ಸರದಿಗೆ ಬರುತ್ತಿಲ್ಲ. ಯಾಕೆ ಅನ್ನುವುದು ಪ್ರಶ್ನೆ. ಗ್ಯಾರೇಜಿನವರು ವಿಎಸ್‌ವಿ ಹೋಗಿರಬೇಕು ಅಂತ ಒಂದನ್ನು ಬದಲಿಸಿದರು. ಆಗಲಿಲ್ಲ. ಇನ್ನೊಂದು ಬದಲಿಸಿದರು. ಆಗಲಿಲ್ಲ. ಕೊನೆಗೆ ಅವರು ಕೊಟ್ಟ ಸಲಹೆ, ಎರಡೂ ಬಾಗಿಲನ್ನು ತಂತಿ ಕಟ್ಟಿ ಶಾಶ್ವತವಾಗಿ ತೆರೆದಿಡೋಣ, ಎರಡೂ ಟರ್ಬೊ ಮೊದಲಿನಿಂದಲೇ ಒಟ್ಟಿಗೆ ಓಡಲಿ, ಹೋಸ್ ತಲೆನೋವೇ ಬೇಡ. ಸುಪ್ರಾದವರಲ್ಲಿ ಇದು ಹಳೇ ಪದ್ಧತಿ, ತುಂಬಾ ಜನ ಮಾಡಿಕೊಂಡಿದ್ದಾರೆ, ಕಾರು ಓಡುತ್ತದೆ ಕೂಡ. ಆದರೆ ಕೆಳಗಿನ ಪಿಕಪ್ ಸತ್ತುಹೋಗುತ್ತದೆ, ಯಾಕೆಂದರೆ ಇದ್ದಷ್ಟು ಹೊಗೆ ಎರಡು ಟರ್ಬೊಗೆ ಹಂಚಿಹೋಗುತ್ತದೆ. ಹೋಸ್ ಕಿತ್ತು ತಂತಿ ಕಟ್ಟಿದ್ದನ್ನು ಸ್ಮಾಗ್‌ನವರು ಕಂಡರೆ ಏನನ್ನುತ್ತಾರೋ ಅದು ಬೇರೆ.

ಇಲ್ಲಿ ಮಾಲೀಕರು ಬೇಡ ಅಂದರು. ಈ ಪ್ರಕರಣದ ತಿರುವು ಇದೇ. ಆ ಹೊತ್ತಿಗೆ ದುಡ್ಡು ಕೈಮೀರಿತ್ತು, ತಾಳ್ಮೆ ಮುಗಿದಿತ್ತು, ಹೂಂ ಅನ್ನುವುದೇ ಸುಲಭವಿತ್ತು. ಅವರು ಗ್ಯಾರೇಜಿನವರ ಲೆಕ್ಕ ಚುಕ್ತಾ ಮಾಡಿ, ಜಗಳವಿಲ್ಲದೆ ಕಾರು ಮನೆಗೆ ತಂದು, ಆ ನಿವೃತ್ತ ಮೆಕ್ಯಾನಿಕ್‌ಗೆ ಫೋನ್ ಮಾಡಿದರು. ಅವರು ಬಂದರು, ಅದೇ ತಂತಿ ಕೈಯಲ್ಲಿ ಹಿಡಿದುಕೊಂಡು.

ತಂತಿ ಔಷಧಿಯಲ್ಲ, ಪರೀಕ್ಷೆ

ಅವರು ಎರಡೂ ಬಾಗಿಲನ್ನು ತಂತಿ ಕಟ್ಟಿ ತೆರೆದು, ಮಾಲೀಕರನ್ನು ಒಂದು ಸುತ್ತು ಕಳಿಸಿದರು. ಬೂಸ್ಟ್ ತಡವಾಗಿ ಬಂತು, ಆದರೆ ಬಂದದ್ದು ಇಳಿಯಲಿಲ್ಲ, ಕೊನೆಯವರೆಗೆ ನಿಂತಿತು. ಅಂದರೆ ಎರಡೂ ಟರ್ಬೊ ಸರಿ. ದೊಡ್ಡ ಪೈಪುಗಳಲ್ಲಿ ಎಲ್ಲೂ ಸೋರಿಕೆ ಇಲ್ಲ. ಇಂಟರ್‌ಕೂಲರ್ ಸರಿ. ಒಂದು ತುಂಡು ತಂತಿಯಿಂದ ಅರ್ಧ ಕಾರು ಅನುಮಾನದ ಪಟ್ಟಿಯಿಂದ ಹೊರಗೆ ಹೋಯಿತು. ತಂತಿ ಬಿಚ್ಚಿದರು. ಇನ್ನು ತಪ್ಪು ಇರುವುದು ಬಾಗಿಲು ತೆರೆಯುವ ವ್ಯವಸ್ಥೆಯಲ್ಲೇ.

ಆಮೇಲೆ ಕೈಪಂಪು. ಇಲ್ಲಿ ಒಂದು ವಿಷಯ ಗಮನಿಸಿ. ಹೆಚ್ಚಿನ ಮೆಕ್ಯಾನಿಕ್‌ಗಳು ಹೋಸ್ ಅಂದ ತಕ್ಷಣ ವ್ಯಾಕ್ಯೂಮ್ ಪಂಪು ತೆಗೆಯುತ್ತಾರೆ. ಸುಪ್ರಾದ ಈ ಬಾಗಿಲುಗಳು ವ್ಯಾಕ್ಯೂಮ್‌ಗೆ ಅಲ್ಲ, ಒತ್ತಡಕ್ಕೆ ತೆರೆಯುವಂಥವು. ಹೀರಿದರೆ ಏನೂ ತಿಳಿಯುವುದಿಲ್ಲ, ಊದಬೇಕು. ಒಂದೊಂದು ಡಯಾಫ್ರಮ್‌ಗೂ ನೇರವಾಗಿ ಊದಿದರು. ಗಾಳಿ ಬಾಗಿಲು ಸಲೀಸಾಗಿ ತೆರೆಯಿತು, ಒತ್ತಡ ಹಿಡಿದುಕೊಂಡಿತು. ಹೊಗೆ ಬಾಗಿಲಿನ ಡಯಾಫ್ರಮ್ ಕೂಡ ಒತ್ತಡ ಹಿಡಿದುಕೊಂಡಿತು, ಆದರೆ ಅದರ ಕಡ್ಡಿ ಅರ್ಧಕ್ಕೇ ನಿಂತಿತು. ಅದನ್ನು ಬರೆದಿಟ್ಟುಕೊಂಡು ಮುಂದೆ ಹೋದರು. ನಾನಾಗಿದ್ದರೆ ಅಲ್ಲೇ ಕೂತು ಅದನ್ನೇ ಬಿಚ್ಚುತ್ತಿದ್ದೆ. ಅವರು ಸಿಕ್ಕ ಮೊದಲ ತಪ್ಪಿಗೇ ಖುಷಿಪಡುವ ಜನ ಅಲ್ಲ, ಪಟ್ಟಿ ಮುಗಿಯಬೇಕು.

ವಿಎಸ್‌ವಿಗಳಿಗೆ ಬ್ಯಾಟರಿಯಿಂದ ವಿದ್ಯುತ್ ಕೊಟ್ಟರು, ನಾಲ್ಕೂ ಟಿಕ್ ಟಿಕ್ ಅಂದವು, ಗಾಳಿ ಬಿಟ್ಟವು. ಹಳೆಯವು ಕೂಡ ಸರಿಯೇ ಇದ್ದವು, ಬದಲಿಸಿದ್ದು ದಂಡ. ಕೊನೆಗೆ ಪ್ರೆಷರ್ ಟ್ಯಾಂಕ್. ಬೂಸ್ಟ್ ಬರುವ ಕಡೆಯಿಂದ ಊದಿದರೆ ಟ್ಯಾಂಕಿಗೆ ಗಾಳಿ ಹೋಗುತ್ತಲೇ ಇಲ್ಲ. ಚೆಕ್ ವಾಲ್ವ್ ತಿರುಗಮುರುಗ ಕೂತಿತ್ತು. ಎರಡೂ ಕಡೆ ಒಂದೇ ಅಳತೆಯ ಮೂತಿ, ಹೆಬ್ಬೆಟ್ಟಿನಷ್ಟು ಪ್ಲಾಸ್ಟಿಕ್, ಯಾವ ಕಡೆ ಹಾಕಿದರೂ ಹೋಸ್ ಹಿಡಿಯುತ್ತದೆ. ಟ್ಯಾಂಕ್ ಒಂದು ಸಲವೂ ತುಂಬಿರಲಿಲ್ಲ. ಇಸಿಯು ಸರಿಯಾದ ಹೊತ್ತಿಗೆ ಆಜ್ಞೆ ಕೊಡುತ್ತಿತ್ತು, ವಿಎಸ್‌ವಿ ತೆರೆಯುತ್ತಿತ್ತು, ಬಿಡಲು ಗಾಳಿಯೇ ಇರಲಿಲ್ಲ.

ಚೆಕ್ ವಾಲ್ವ್ ತಿರುಗಿಸಿದರು. ಈಗ ಎರಡನೆಯ ಟರ್ಬೊ ಬಂತು, ಆದರೆ 5000ದ ಹತ್ತಿರ, ಅದೂ ಹಿಂದಿನಿಂದ ಯಾರೋ ಗುದ್ದಿದ ಹಾಗೆ. ಆಗ ಆ ಅರ್ಧಕ್ಕೆ ನಿಂತ ಕಡ್ಡಿಯ ಸರದಿ. ಹೊಗೆ ಬಾಗಿಲಿನ ಅಕ್ಷ ಅರಿಜೋನಾದ ಶೆಲ್ಫಿನ ಮೇಲೋ ಅದಕ್ಕೂ ಮೊದಲೋ ಮಸಿ ಮತ್ತು ತುಕ್ಕು ಹಿಡಿದು ಬಿಗಿಯಾಗಿತ್ತು. ಟರ್ಬೊ ರಿಪೇರಿಯವರು ಒಳಗಿನ ಚಕ್ರ, ಬೇರಿಂಗ್ ನೋಡಿದ್ದರು, ಈ ಬಾಗಿಲನ್ನು ಯಾರೂ ನೋಡಿರಲಿಲ್ಲ. ಅದು ಯಾರ ಕೆಲಸ ಅಂತ ಯಾರೂ ಕೇಳಿಯೂ ಇರಲಿಲ್ಲ. ತುಕ್ಕು ಬಿಡಿಸುವ ಎಣ್ಣೆ ಹಾಕಿ, ಬಿಸಿ ಮಾಡಿ, ಆರಿಸಿ, ಕೈಯಿಂದ ಆಡಿಸಿ, ಮತ್ತೆ ಅದನ್ನೇ ಮಾಡಿ, ಕೆಲವು ದಿನಗಳಲ್ಲಿ ಪೂರ್ತಿ ಸಡಿಲವಾಯಿತು.

ಎರಡು ತಪ್ಪು ಒಟ್ಟಿಗಿದ್ದದ್ದೇ ಎಲ್ಲರನ್ನೂ ದಾರಿ ತಪ್ಪಿಸಿದ್ದು. ಬಾಗಿಲು ಬಿಗಿಯಾಗಿದ್ದದ್ದನ್ನು ಮೊದಲ ಗ್ಯಾರೇಜ್ ಸರಿ ಮಾಡಿದ್ದರೂ ಏನೂ ಬದಲಾಗುತ್ತಿರಲಿಲ್ಲ, ಯಾಕೆಂದರೆ ಗಾಳಿ ಇಲ್ಲ. ಚೆಕ್ ವಾಲ್ವ್ ಒಂದನ್ನೇ ಸರಿ ಮಾಡಿದ್ದರೆ ಗುದ್ದು ಬರುತ್ತಿತ್ತು, ಆಗ ಟರ್ಬೊ ಮೇಲೆ ಅನುಮಾನ ಬರುತ್ತಿತ್ತು. ಒಂದು ಬದಲಿಸಿ ಓಡಿಸಿ ನೋಡುವ ಪದ್ಧತಿ ಇಂಥ ಕಡೆ ಕೆಲಸ ಮಾಡುವುದಿಲ್ಲ. ಕಾರು ನಿಂತಿರುವಾಗಲೇ ಪ್ರತಿ ಭಾಗವನ್ನೂ ಅದರದೇ ಮೇಲೆ ಪರೀಕ್ಷೆ ಮಾಡಬೇಕು.

ಸ್ಮಾಗ್

ಅಧಿಕೃತ ಟೆಸ್ಟಿಗೆ ಮೊದಲು ಒಂದು ಪ್ರೀ-ಟೆಸ್ಟ್ ಮಾಡಿಸೋಣ ಅಂದದ್ದು ಮಾಲೀಕರೇ. ಹೋಗುವ ಮೊದಲು ಚೆಕ್ ಎಂಜಿನ್ ದೀಪ ಹತ್ತಿತು. ಈ ಕಾಲದ ಕಾರಿಗೆ ಸ್ಕ್ಯಾನರ್ ಬೇಡ, ಡಯಾಗ್ನೋಸ್ಟಿಕ್ ಡಬ್ಬಿಯಲ್ಲಿ ಟಿಇ1 ಮತ್ತು ಇ1 ಅನ್ನುವ ಎರಡು ತೂತಿಗೆ ಒಂದು ತುಂಡು ವೈರ್ ಸೇರಿಸಿದರೆ ದೀಪವೇ ಮಿಣುಕಿ ಕೋಡ್ ಹೇಳುತ್ತದೆ. ಏಳು ಮಿಣುಕು, ಬಿಡುವು, ಒಂದು ಮಿಣುಕು. 71, ಅಂದರೆ ಇಜಿಆರ್. ಅದರ ದಾರಿ ಮಸಿಯಿಂದ ಕಟ್ಟಿಕೊಂಡಿತ್ತು, ಬಿಚ್ಚಿ ಕೆರೆದು ತೊಳೆದ ಮೇಲೆ ಹೋಯಿತು.

ಪ್ರೀ-ಟೆಸ್ಟಿನಲ್ಲಿ ಹೊಗೆ ಆರಾಮಾಗಿ ಮಿತಿಯೊಳಗೆ ಬಂತು. ಕ್ಯಾಟ್ ಕನ್ವರ್ಟರ್ ಅನುಮತಿ ನಂಬರ್ ಇರುವ ಹೊಸದು ಹಾಕಿಸಿದ್ದರು, ಅದರ ಮೇಲಿನ ನಂಬರನ್ನು ಕೆಳಗೆ ಮಲಗಿ ಓದಿಕೊಂಡರು. ಬಿದ್ದದ್ದು ಯಾರೂ ಲೆಕ್ಕಕ್ಕೇ ಇಟ್ಟುಕೊಳ್ಳದ ಕಡೆ, ಪೆಟ್ರೋಲ್ ಆವಿ ಸೋರುವ ಪರೀಕ್ಷೆಯಲ್ಲಿ. ಹಿಂದಿನ ಮಾಲೀಕ ಸಿಂಗಲ್ ಟರ್ಬೊದ ಪೈಪಿಗೆ ಜಾಗ ಮಾಡಲು, ಪೆಟ್ರೋಲ್ ಆವಿ ಹೀರಿಕೊಳ್ಳುವ ಇದ್ದಿಲಿನ ಕ್ಯಾನಿಸ್ಟರ್ ಕಿತ್ತಿದ್ದ. ನಮ್ಮವರು ಅದನ್ನು ತಂದು ಕೂರಿಸಿದ್ದರು, ಆದರೆ ಅದಕ್ಕೆ ಹೋಗುವ ಹಳೇ ರಬ್ಬರ್ ಲೈನು ಬಿರುಕು ಬಿಟ್ಟಿತ್ತು. ನೂರು ರೂಪಾಯಿಯ ಸಾಮಾನು ಅನ್ನುತ್ತೇವಲ್ಲ, ಆ ಲೆಕ್ಕದ್ದು. ಬದಲಿಸಿದರು. ಅಧಿಕೃತ ಟೆಸ್ಟ್ ಪಾಸ್. ನಂಬರ್ ಪ್ಲೇಟ್ ಬಂತು.

ಏನು ಸಿಕ್ಕಿತು, ಏನು ಸಿಗಲಿಲ್ಲ

ಖರ್ಚು ಮೊದಲ ಅಂದಾಜಿನ ಎರಡು ಪಟ್ಟಿನ ಹತ್ತಿರ ಹೋಯಿತು. ಉಳಿದ ಸಿಂಗಲ್ ಕಿಟ್ ಮಾರಿದ್ದರಿಂದ ಸ್ವಲ್ಪ ವಾಪಸ್ ಬಂತು. ಗರಿಷ್ಠ ಶಕ್ತಿ ಮೊದಲಿನ ಅರ್ಧದಷ್ಟೂ ಇಲ್ಲ, ಅದು ನಿಜ, ಮರೆಮಾಚುವುದು ಬೇಡ. ಆದರೆ ಊರೊಳಗೆ, ಸಿಗ್ನಲ್‌ನಿಂದ ಸಿಗ್ನಲ್‌ಗೆ, ಈ ಕಾರು ಈಗ ಜಾಸ್ತಿ ಚುರುಕು. ಮಾಲೀಕರ ಮನೆಯವರು ಮೊದಲ ಸಲ ಅದನ್ನು ತಾವೇ ಓಡಿಸಿದರು. ಮೊದಲು ಕ್ಲಚ್ ಮತ್ತು ಆ ತಡವಾದ ಗುದ್ದಿಗೆ ಹೆದರಿ ಮುಟ್ಟುತ್ತಿರಲಿಲ್ಲ.

ಸಂಗ್ರಹಕಾರರ ಕಣ್ಣಲ್ಲಿ ಇದು 'ಒರಿಜಿನಲ್' ಅಲ್ಲ, ಆಗುವುದೂ ಇಲ್ಲ. ಬಂಪರ್ ಪಟ್ಟಿ ಬೇರೆ ಕಾರಿನದು, ಟರ್ಬೊ ಬೇರೆ ಕಾರಿನದು, ಬಾನೆಟ್ ಇನ್ನೊಂದು ಕಾರಿನದು. ಹಾಗಾಗಿ ಎಲ್ಲ ಬಿಲ್, ಫೋಟೊ, ಯಾವ ಭಾಗ ಎಲ್ಲಿಂದ ಬಂತು ಅನ್ನುವ ಪಟ್ಟಿ ಒಂದು ಫೈಲಿನಲ್ಲಿದೆ. ಮಾರುವ ದಿನ ಬಂದರೆ ಅದನ್ನು ಮೇಜಿನ ಮೇಲಿಡುವುದು ಅಂತ ಅವರು ನಿರ್ಧರಿಸಿದ್ದಾರೆ. ಹಾಗೆ ಹೇಳಿ ಮಾರಿದರೆ ಬೆಲೆ ಸ್ವಲ್ಪ ಕಡಿಮೆ ಬರಬಹುದು. ಮುಚ್ಚಿಟ್ಟು ಮಾರುವವರು ಇದ್ದಾರೆ, ಕೊಳ್ಳುವವರು ಹುಷಾರು.

ಮತ್ತೆ ಯಾರಾದರೂ ಈ ಕೆಲಸಕ್ಕೆ ಕೈಹಾಕುವುದಾದರೆ ನಾನು ಹೇಳುವ ಕ್ರಮ ಹೀಗೆ. ಟರ್ಬೊ ಹುಡುಕುವ ಮೊದಲು ಹಾರ್ನೆಸ್ ನೋಡಿ. ಕತ್ತರಿಸಿದ್ದರೆ ಬಜೆಟ್ ಬೇರೆಯೇ ಆಗುತ್ತದೆ. ಸಾಮಾನು ಒಂದೇ ಕಾರಿನಿಂದ, ನಿಮ್ಮದೇ ದೇಶದ ಮಾಡೆಲ್‌ನಿಂದ ತನ್ನಿ. ಅದು ದುಬಾರಿ ಅನ್ನಿಸುತ್ತದೆ, ಆದರೆ ಬಿಡಿಬಿಡಿಯಾಗಿ ತಂದವರ ಲೆಕ್ಕ ಕೇಳಿ ನೋಡಿ. ಬಾಗಿಲು, ಡಯಾಫ್ರಮ್, ವಿಎಸ್‌ವಿ, ಚೆಕ್ ವಾಲ್ವ್ ಪ್ರತಿಯೊಂದನ್ನೂ ಮೇಜಿನ ಮೇಲೇ ಊದಿ ನೋಡಿ, ಯಾಕೆಂದರೆ ಮ್ಯಾನಿಫೋಲ್ಡ್ ಕೂರಿಸಿದ ಮೇಲೆ ಅವು ಕಣ್ಣಿಗೂ ಕಾಣುವುದಿಲ್ಲ, ಕೈಗೂ ಎಟುಕುವುದಿಲ್ಲ. ಹೋಸ್ ಅಷ್ಟೂ ಹೊಸದು ಹಾಕಿ, ಹಳೆಯದನ್ನು ಕಿತ್ತ ಜಾಗಕ್ಕೆ ಚೀಟಿ ಅಂಟಿಸಿ. ಗ್ಯಾರೇಜಿನವರನ್ನು ಎಷ್ಟು ಸುಪ್ರಾ ಮಾಡಿದ್ದೀರಿ ಅಂತ ಕೇಳಬೇಡಿ. ಎಷ್ಟು ಕಾರಿನಲ್ಲಿ ಈ ಹೋಸ್‌ಗಳನ್ನು ವಾಪಸ್ ಜೋಡಿಸಿದ್ದೀರಿ ಅಂತ ಕೇಳಿ.

ಇನ್ನು ಕೊಳ್ಳುವವರಿಗೆ. ಸಿಂಗಲ್ ಮಾಡಿದ ಸುಪ್ರಾ ಅಗ್ಗಕ್ಕೆ ಸಿಗುತ್ತಿದೆ, ಆಮೇಲೆ ಕಂಪನಿ ಫಿಟಿಂಗ್‌ಗೆ ತರೋಣ ಅಂತ ಯೋಚನೆ ಇದ್ದರೆ, ಟೆಸ್ಟ್ ಡ್ರೈವ್‌ಗೆ ಮೊದಲು ಟಾರ್ಚ್ ಹಾಕಿ ಆ ನಾಲ್ಕು ವಿಎಸ್‌ವಿ ಕನೆಕ್ಟರ್‌ಗಳು ಎಲ್ಲಾದರೂ ಟೇಪ್ ಸುತ್ತಿ ನೇತಾಡುತ್ತಿವೆಯಾ ನೋಡಿ, ಕಿತ್ತ ಸಾಮಾನಿನ ಡಬ್ಬ ಅಟ್ಟದ ಮೇಲೆ ಇದೆಯಾ ಅಂತ ಮಾರುವವರನ್ನು ಕೇಳಿ. ಎರಡೂ ಇಲ್ಲ ಅಂದರೆ ಇಡೀ ಸೆಟ್ಟಿನ ಮತ್ತು ಹಾರ್ನೆಸ್‌ನ ಇವತ್ತಿನ ಬೆಲೆ ಹೇಳುವ ದರದಿಂದ ಕಳೆದು, ಅಲ್ಲಿಂದ ಚೌಕಾಸಿ ಶುರುಮಾಡಿ.